ರಂಗಮಂದಿರದ ನಕ್ಷೆಗೆ ಎರಡು ಸಹಿ

ಇಬ್ಬರು ಸೇರಿ ಒಂದು ಕಟ್ಟಡ ಕಟ್ಟಲು ಹೊರಟ ಕಡೆ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಮ್ಮಲ್ಲಿ ಆ ಇಬ್ಬರು ಎಂದರೆ ನಗರಸಭೆ ಮತ್ತು ವಿಶ್ವವಿದ್ಯಾಲಯ. ಕಟ್ಟಡ ಎಂದರೆ ರಂಗಮಂದಿರ. ರಂಗಮಂದಿರ ಎಂದರೆ ನಾಟಕ, ಸಂಗೀತ, ನೃತ್ಯ ನಡೆಯುವ ಜಾಗ; ಮದುವೆ ನಡೆಯುವ ಜಾಗವಲ್ಲ. ಇದನ್ನು ಯಾಕೆ ಬಿಡಿಸಿ ಹೇಳಿದೆ ಎನ್ನುವುದು ಈಗಲೇ ಗೊತ್ತಾಗುತ್ತದೆ. ಊರು ಶಿಡ್ಲಘಟ್ಟದ ಕಡೆಯದು. ಹೆಸರು ಬರೆಯುವುದಿಲ್ಲ, ಯಾಕೆಂದರೆ ನಾನಿನ್ನೂ ಅಲ್ಲೇ ಕೆಲಸದಲ್ಲಿದ್ದೇನೆ. ಕೆಲಸ ಎಂದರೆ ಜಂಟಿ ಸಮಿತಿಯ ನಡಾವಳಿ ಬರೆಯುವುದು. ಅಂದರೆ ಯಾರು ಏನು ಹೇಳಿದರು ಎಂದು ಬರೆದುಕೊಂಡು, ಅವರು ಹಾಗೆ ಹೇಳಲೇ ಇಲ್ಲ ಎಂದಾಗ ಹೊಡೆದುಹಾಕುವುದು.

ಜಾಗ ಊರಿನ ನಟ್ಟನಡುವೆ, ಹಳೇ ಬಸ್ ನಿಲ್ದಾಣದ ಪಕ್ಕ. ತಿಂಗಳ ಕೊನೆಯೊಳಗೆ ಇಬ್ಬರೂ ಒಂದೇ ನಕ್ಷೆಗೆ ಸಹಿ ಹಾಕದಿದ್ದರೆ ಅದನ್ನು ವಾಹನ ನಿಲ್ಲಿಸಲು ಬಿಡುವುದೆಂದು ಮೇಲಿನವರು ಹೇಳಿದ್ದರು. ಇದರಿಂದ ನಿಜವಾಗಿ ಕಂಗೆಟ್ಟವರು ಸಮಿತಿಯಲ್ಲಿದ್ದ ನಾಟಕದ ಮೇಷ್ಟ್ರು ಒಬ್ಬರೇ. ಸುತ್ತಲ ಹಳ್ಳಿಗಳಿಗೆ ಪೌರಾಣಿಕ ನಾಟಕ ಕಲಿಸುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡವರು. "ಎಲ್ಲಾ ಶಾಮಿಯಾನದ ಕೆಳ್ಗೇ ಆಯ್ತು ಕಣಮ್ಮ. ಒಂದೇ ಒಂದು ನಾಟ್ಕ, ಗಾಳಿಗೆ ಹಾರಿಹೋಗದ ಸೂರಿನ ಕೆಳ್ಗೆ ಮಾಡಿಸ್ಬೇಕು" ಎಂದು ನನ್ನ ಹತ್ತಿರ ಹೇಳಿದ್ದರು.

ಇಪ್ಪತ್ತು ನಲ್ಲಿ

ಬೆಂಗಳೂರಿನಿಂದ ಬಂದ ಆರ್ಕಿಟೆಕ್ಟ್ ಮೇಜಿನ ಮೇಲೆ ನಕ್ಷೆ ಹರಡಿದರು. ನಗರಸಭೆಯ ಪರವಾಗಿ ಸಹಿ ಹಾಕಬೇಕಾದ ಸದಸ್ಯರೊಬ್ಬರು ಅದನ್ನು ನಾಲ್ಕೂ ಕಡೆಯಿಂದ ನೋಡಿದರು.

"ಎಲ್ಲಾ ಚೆನ್ನಾಗೈತೆ ಸರ್. ಊಟದ ಹಾಲ್ ಎಲ್ಲಿ?"

"ಇದು ರಂಗಮಂದಿರ. ಊಟದ ಹಾಲ್ ಇರಲ್ಲ."

"ಮತ್ತೆ ಬಂದೋರು ಎಲ್ಲುಣ್ತಾರೆ?"

"ನಾಟಕ ನೋಡಿ ಮನೆಗೆ ಹೋಗ್ತಾರೆ."

ಸದಸ್ಯರಿಗೆ ಆರ್ಕಿಟೆಕ್ಟ್ ಮನೆತನದ ಬಗ್ಗೆಯೇ ಅನುಮಾನ ಬಂದಂತೆ ಕಂಡಿತು. "ಜನಾನ ಕರ್ದು, ಮೂರು ಗಂಟೆ ಕೂರಿಸಿ, ಹಂಗೇ ಕಳ್ಸದಾ?"

ಆವತ್ತಿಗೆ ಸದಸ್ಯರು ನಕ್ಷೆ ಮಡಚಿ ಕೊಟ್ಟರು. ಮುಂದಿನ ಸಭೆಯಲ್ಲಿ ತಾಲೀಮು ಕೋಣೆಯನ್ನು ಎರಡರಷ್ಟು ದೊಡ್ಡದು ಮಾಡಿ, ಗೋಡೆಯುದ್ದಕ್ಕೂ ಇಪ್ಪತ್ತು ನಲ್ಲಿ ಹಾಕಲು ಹೇಳಿದರು. ತಾಲೀಮು ಎಂದರೆ ನಾಟಕದ ಅಭ್ಯಾಸ. ಅದಕ್ಕೆ ನಲ್ಲಿ ಬೇಕಿಲ್ಲ.

"ಇಪ್ಪತ್ತು ನಲ್ಲಿ ಯಾಕೆ ಸರ್?" ಎಂದರು ಆರ್ಕಿಟೆಕ್ಟ್.

"ಕಲಾವಿದ್ರು ಬಣ್ಣ ತೊಳ್ಕೊಳಕ್ಕೆ. ಬರ್ಕೊಳಮ್ಮ" ಎಂದು ನನ್ನ ಕಡೆ ತಿರುಗಿ, "ಪಕ್ಕದಲ್ಲೇ ಬಾಳೆ ಎಲೆ ಎಸೆಯಕ್ಕೂ ಒಂದು ಜಾಗ" ಎಂದರು.

ಯಾವ ವಾಸನೆ

ಜಾಗ ನೋಡಲು ಎಲ್ಲರೂ ಹೋದೆವು. ಕಾರಿನಿಂದಿಳಿದ ಆರ್ಕಿಟೆಕ್ಟ್ ಮೂಗಿಗೆ ಕರವಸ್ತ್ರ ಹಿಡಿದು, "ಇದೇನು ವಾಸನೆ?" ಎಂದರು.

ಓದುವವರಿಗೆ ಹೇಳಿಬಿಡುತ್ತೇನೆ. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವಾಗ ಒಳಗಿನ ಹುಳವೂ ಬೇಯುತ್ತದೆ. ಆದರೆ ಆವತ್ತು ನಮಗ್ಯಾರಿಗೂ ಅದು ಹೊಳೆಯಲಿಲ್ಲ. ಏಳು ಜನ ಸಾಲಾಗಿ ನಿಂತು ಮೂಸಿದೆವು. "ಯಾವ ವಾಸನೆ ಸರ್?" ಸದಸ್ಯರು ಹೋಗಿ ಚರಂಡಿ ಬಗ್ಗಿ ನೋಡಿದರು. ಮೇಷ್ಟ್ರು ತಮ್ಮ ಚಪ್ಪಲಿ ನೋಡಿಕೊಂಡರು. ಕೊನೆಗೆ ಆರ್ಕಿಟೆಕ್ಟೇ ಹಿಂದಿನ ಬೀದಿಯ ನೂಲು ತೆಗೆಯುವ ಶೆಡ್ಡಿನ ಕಡೆ ಕೈ ತೋರಿಸಿದರು.

ಸದಸ್ಯರಿಗೆ ಸಮಾಧಾನವಾಯಿತು. "ಅದಾ? ಅದು ವಾಸ್ನೆ ಅಲ್ಲ ಸರ್, ಗಾಳಿ."

ಮೆಟ್ಟಿಲು

ಸಹಿ ನಿಂತಿದ್ದು ಮಾತ್ರ ಇವೆರಡಕ್ಕಲ್ಲ. ನಮ್ಮ ಕಡೆ ಪೌರಾಣಿಕ ನಾಟಕದ ಮಧ್ಯದಲ್ಲೇ ಪಾತ್ರಧಾರಿಯ ನೆಂಟರು ವೇದಿಕೆ ಹತ್ತಿ ಹಾರ ಹಾಕುತ್ತಾರೆ. ಯುದ್ಧ ನಡೆಯುತ್ತಿದ್ದರೆ ಯುದ್ಧ ನಿಲ್ಲುತ್ತದೆ. ಶತ್ರುಗಳೂ ಚಪ್ಪಾಳೆ ತಟ್ಟುತ್ತಾರೆ, ಯಾಕೆಂದರೆ ಮುಂದಿನ ಹಾರ ಅವರದು. ಹಾಗಾಗಿ ವೇದಿಕೆಯ ಮುಂದೆ ಮೆಟ್ಟಿಲು ಬೇಕೆಂದು ಸದಸ್ಯರು ಹಟ ಹಿಡಿದರು.

ವಿಶ್ವವಿದ್ಯಾಲಯದ ಪರವಾಗಿ ಸಹಿ ಹಾಕಬೇಕಾದವರು ಅಲ್ಲಿನ ನಾಟಕ ವಿಭಾಗದ ಪ್ರೊಫೆಸರು. "ಪ್ರೇಕ್ಷಕರು ರಂಗದ ಮೇಲೆ ಕಾಲಿಡಬಾರದು. ಮೆಟ್ಟಿಲಿದ್ರೆ ನನ್ನ ಸಹಿ ಇಲ್ಲ" ಎಂದರು.

"ಮೆಟ್ಟಿಲಿಲ್ದಿದ್ರೆ ನಂದೂ ಇಲ್ಲ" ಎಂದರು ಸದಸ್ಯರು.

ತಿಂಗಳು ಮುಗಿಯಲು ಮೂರು ದಿನವಿತ್ತು. ಆಗ ಮೇಷ್ಟ್ರು ಪ್ರೊಫೆಸರ ಕಡೆ ತಿರುಗಿ ಮೆಲ್ಲಗೆ, "ಜಗಳ ಯಾಕೆ ಸರ್. ನಕ್ಷೇಲಿರೋ ಹಂಗೇ ಮೆಟ್ಟಿಲಿಲ್ದೆ ಒಂದು ಅಟ್ಟಣೆ ಕಟ್ಟಿ, ಒಂದು ದೃಶ್ಯ ಆಡಿ ನೋಡಣ. ತಾವೂ ಒಂದು ಪಾತ್ರ ಮಾಡ್ಬೇಕು" ಎಂದರು.

"ಎಂಥ ಪಾತ್ರ?"

"ಸೇನಾಪತಿ. ಎರಡು ಪದ್ಯ ಹೇಳದು, ಸಾಯದು."

ಪ್ರೊಫೆಸರು ತಕ್ಷಣ ಒಪ್ಪಿದರು. ಅಷ್ಟು ವರ್ಷ ನಾಟಕದ ಪಾಠ ಹೇಳಿದ್ದರೂ ಪಾತ್ರ ಮಾಡಿ ಎಂದು ಯಾರೂ ಅವರನ್ನು ಕೇಳಿರಲಿಲ್ಲ.

ಭಾನುವಾರ ಸಂಜೆ ಅದೇ ಜಾಗದಲ್ಲಿ ಅಟ್ಟಣೆ ಎದ್ದಿತು. ಪ್ರೊಫೆಸರು ಕಿರೀಟ ಇಟ್ಟು, ಪದ್ಯ ಹೇಳಿ, ಬಹಳ ಚೆನ್ನಾಗಿ ಸತ್ತರು. ಜನ ಉಸಿರು ಬಿಗಿಹಿಡಿದಿದ್ದರು. ಆಗ ಮೇಷ್ಟ್ರು ಮೈಕಿನಲ್ಲಿ, "ಸೇನಾಪತಿ ಪಾತ್ರಧಾರಿಗಳಿಗೆ ಚಿಂತಾಮಣಿಯಿಂದ ಬಂದಿರುವ ಅವರ ಭಾವಮೈದುನ ಹಾರ ಹಾಕಲಿದ್ದಾರೆ" ಎಂದರು. ಆ ಭಾವಮೈದುನನಿಗೆ ಫೋನ್ ಮಾಡಿ ಕರೆಸಿದವರು ಯಾರೆಂದು ನಾನು ನಡಾವಳಿಯಲ್ಲಿ ಬರೆದಿಲ್ಲ.

ಭಾವಮೈದುನ ರೇಷ್ಮೆಗೂಡಿನ ದೊಡ್ಡ ಹಾರ ಹಿಡಿದು ಬಂದರು. ಅಟ್ಟಣೆ ಎದೆಮಟ್ಟ. ಒಂದು ಕಾಲೆತ್ತಿದರು, ಜಾರಿದರು. "ಭಾವಾ, ಎಟ್ಲಾ ಎಕ್ಕೇದಿ?" ಎಂದರು. ಹೇಗೆ ಹತ್ತೋದು ಎಂದು ತೆಲುಗಿನಲ್ಲಿ ಕೇಳಿದ್ದು.

ಹೆಣ ತುಟಿ ಅಲ್ಲಾಡಿಸಿತು. "ಹಿಂದಿನಿಂದ ಬಾರಯ್ಯ."

ಹಿಂದೆ ಶತ್ರುಸೈನ್ಯ ದಾರಿಗಡ್ಡ ಕೂತು ಟೀ ಕುಡಿಯುತ್ತಿತ್ತು. ಭಾವಮೈದುನ ಹೋದ ದಾರಿಯಲ್ಲೇ ವಾಪಸ್ ಬಂದು ಹಾರ ಹಿಡಿದು ಹಾಗೇ ನಿಂತರು. ಹೆಂಗಸರ ಕಡೆಯಿಂದ "ಅಯ್ಯೋ ಪಾಪ" ಕೇಳಿಸಿತು.

ಹೆಣ ಎದ್ದಿತು. ಕಿರೀಟ ಸರಿಮಾಡಿಕೊಂಡು ಅಂಚಿಗೆ ಬಂದು, ಮಂಡಿಯೂರಿ ಕತ್ತು ಬಗ್ಗಿಸಿತು. ಹಾರ ಬಿತ್ತು, ಫೋಟೋ ಆಯಿತು. ಸೇನಾಪತಿ ಮೂರೂ ದಿಕ್ಕಿಗೆ ಕೈಮುಗಿದು, ಹಿಂದಕ್ಕೆ ಹೋಗಿ, ಹಾರ ನಜ್ಜಾಗದಂತೆ ಮಗ್ಗುಲಾಗಿ ಮಲಗಿ ಮತ್ತೆ ಸತ್ತರು.

ಮರುದಿನ ಪ್ರೊಫೆಸರು ಯಾರನ್ನೂ ನೋಡದೆ ಕೆಂಪು ಪೆನ್ನು ತೆಗೆದು, ವೇದಿಕೆಯ ಮುಂದೆ ನಾಲ್ಕಡಿ ಅಗಲದ ಮೆಟ್ಟಿಲು ಬರೆದು ಸಹಿ ಹಾಕಿದರು. ಅವರ ಮನಸ್ಸು ಬದಲಾಗುವುದರೊಳಗೆ ಸದಸ್ಯರೂ ಹಾಕಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು, ಬಹಳ ಹೊತ್ತು ಒರೆಸಿದರು. ನಾನು ನಕ್ಷೆ ಮಡಚಿ ಲಕೋಟೆಗೆ ಹಾಕುವಷ್ಟರಲ್ಲಿ ಪ್ರೊಫೆಸರು ಬಾಗಿಲಿನಿಂದ ವಾಪಸ್ ಬಂದರು.

"ನಾಲ್ಕಡಿ ಸಾಲಲ್ಲ ಮೇಡಂ, ಎಂಟು ಮಾಡಿ. ಮುಂದಿನ ನಾಟಕಕ್ಕೆ ನಮ್ಮ ಮಾವನೋರು, ಅತ್ತೇನೂ ಕರ್ಕೊಂಡು ಬರ್ತಾರಂತೆ."