ಎರಡು ಬೆರಳಿನ ನಮಸ್ಕಾರ

ವಿಸ್ಕಾನ್ಸಿನ್‌ನ ನಮ್ಮ ಊರಿನ ಕಡೆ ಗಂಡಸಾದವನಿಗೆ ಸಿಗುವ ಪರಮೋಚ್ಚ ಪ್ರಶಸ್ತಿ ಯಾವುದು ಗೊತ್ತೇ? ಎರಡು ಬೆರಳು. ಎದುರಿನಿಂದ ಬರುವ ಪಿಕಪ್ ಟ್ರಕ್ಕಿನವನು ಸ್ಟೀರಿಂಗ್‌ನಿಂದ ಕೈ ತೆಗೆಯದೆ, ಮುಖದ ಗಂಟು ಸಡಿಲಿಸದೆ, ಎರಡೇ ಎರಡು ಬೆರಳನ್ನು ತುಸು ಎತ್ತಿ ಇಳಿಸುತ್ತಾನೆ. ಈ ಕಡೆಯ ಟ್ರಕ್ಕಿನವನೂ ಎತ್ತಿ ಇಳಿಸುತ್ತಾನೆ. ಪರಿಚಯ ಇರಬೇಕೆಂದಿಲ್ಲ. ನೀನೂ ಗಂಡಸು, ನಾನೂ ಗಂಡಸು ಎಂಬ ಪರಸ್ಪರ ದೃಢೀಕರಣ, ಅಷ್ಟೇ.

ನನಗೆ ಯಾರೂ ಬೆರಳು ಎತ್ತುವುದಿಲ್ಲ. ನಾನು ಓಡಿಸುವುದು ಮಿನಿವ್ಯಾನ್.

ಒಮ್ಮೆ ಧೈರ್ಯ ಮಾಡಿ ನಾನೇ ಮೊದಲು ಎತ್ತಿದೆ. ಎದುರಿನವನು ನನ್ನ ವ್ಯಾನಿನ ಮುಂದಿನ ಗಾಜಿಗೆ ಅಂಟಿಸಿದ್ದ ಬಾತುಕೋಳಿಯ ಚಿತ್ರ ನೋಡಿ, ಎತ್ತಲು ಹೊರಟಿದ್ದ ಬೆರಳಿನಿಂದ ಮೂಗು ತುರಿಸಿಕೊಂಡ. ಆ ಅವಮಾನ ಇನ್ನೂ ಉರಿಯುತ್ತದೆ.

ನನ್ನದೂ ಅಂತ ಒಂದು ಪುಟ್ಟ ಕಾರಿತ್ತು. ಕಳೆದ ಬೇಸಿಗೆಯಲ್ಲಿ ಅದು ಅಂಗಳದಲ್ಲೇ ಪ್ರಾಣ ಬಿಟ್ಟಿತು. ಅಂದಿನಿಂದ ಹೆಂಡತಿ ಹೈಡಿಯ ವ್ಯಾನಿನಲ್ಲೇ ನನ್ನ ಸಂಚಾರ. ವ್ಯಾನ್ ಎಂದರೆ ಅದೊಂದು ಸಂಚಾರಿ ಸಂಸಾರ. ಸೀಟಿನ ಸಂದುಗಳಲ್ಲಿ ಬಿಸ್ಕತ್ತಿನ ಪುಡಿ ಪದರ ಪದರವಾಗಿ ಕೂತಿದೆ. ಲೋಟ ಇಡುವ ತೂತುಗಳು ಮನುಷ್ಯರಿಗಿಂತ ಹೆಚ್ಚು. ಅವುಗಳಲ್ಲೊಂದರ ತಳದಲ್ಲಿ ಏನೋ ಅಂಟಿಕೊಂಡಿದೆ (ಏನೆಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ). ಮಗಳು ಬ್ರಿಟಾ ಐಸ್-ಹಾಕಿ ಆಟದ ತಂಡದ ಗೋಲ್‌ಕೀಪರ್. ಅವಳ ಬೆವರು ಕುಡಿದ ಪ್ಯಾಡುಗಳು ವರ್ಷವಿಡೀ ಹಿಂದಿನ ಸೀಟಿನಲ್ಲೇ ವಾಸ. ಆ ವಾಸನೆಯನ್ನು ವರ್ಣಿಸಲು ನನ್ನಿಂದಾಗದು.

ಒಂದು ದಿನ ರಾತ್ರಿ ಊಟದ ಮೇಜಿನ ಮುಂದೆ ಕೂತು ಆಲೂಗಡ್ಡೆ ಬಡಿಸಿಕೊಳ್ಳುತ್ತಾ ವಿಷಯ ಎತ್ತಿದೆ.

“ಹೈಡಿ, ಇನ್ನೊಂದು ಗಾಡಿ ಹೇಗೂ ಬೇಕು. ಟ್ರಕ್ಕೇ ತಗೊಂಡ್‌ಬಿಡೋಣ.”

“ಯಾಕೆ?”

“ಯಾಕೆ ಅಂದ್ರೆ? ಏನಾದ್ರೂ ಹೊತ್ಕೊಂಡು ಬರೋಕೆ ಬೇಡ್ವಾ?”

“ನೀನು ಮಾರೋದು ಅಡುಗೆಮನೆ ಟೈಲ್ಸು. ನಿನ್ನ ಸ್ಯಾಂಪಲ್ಲೆಲ್ಲ ಒಂದು ಕೈಚೀಲದಲ್ಲಿ ಹಿಡಿಯುತ್ತೆ. ಇನ್ನೇನಪ್ಪಾ ಹೊರ್ತೀಯಾ?”

“ಜಿಂಕೆ!” ಅಂದುಬಿಟ್ಟೆ.

ಹೈಡಿ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. “ಯಾವ ಜಿಂಕೆ?” ಎಂದು ನಿಜಕ್ಕೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

ಪ್ರಶ್ನೆಯಲ್ಲಿ ನ್ಯಾಯವಿತ್ತು. ಪ್ರತಿ ನವೆಂಬರಿನಲ್ಲೂ ಅವಳ ತಮ್ಮ ರಸ್ ಜೊತೆ ಬೇಟೆಗೆ ಹೋಗುತ್ತೇನೆ. ಮದುವೆಯಾದಾಗಿನಿಂದ ನಾನು ಹೊಡೆದು ತಂದದ್ದು ನೆಗಡಿ ಮಾತ್ರ.

“ಸರಿ, ವೆಂಡೆಲ್,” ಎಂದಳು ಹೈಡಿ. “ಈ ಸಲ ವ್ಯಾನ್ ತಗೊಂಡು ಹೋಗು. ಜಿಂಕೆ ಹೊತ್ಕೊಂಡು ಬರೋಕೆ ವ್ಯಾನಿನ ಕೈಲಿ ಆಗ್ಲಿಲ್ಲ ಅಂದ್ರೆ ನಿನಗೆ ಟ್ರಕ್ಕು. ವ್ಯಾನ್ ಜಿಂಕೆ ತಂತು ಅಂತಿಟ್ಕೋ, ಆಮೇಲೆ ಈ ಮನೇಲಿ ನಿನ್ನ ಬಾಯಿಂದ ಟ್ರಕ್ ಅನ್ನೋ ಮಾತು ಬರಕೂಡದು. ಒಪ್ಪಿಗೆನಾ?”

“ಅಪ್ಪಾ, ಒಪ್ಕೋ! ನಿನಗೆಲ್ಲಿ ಜಿಂಕೆ ಸಿಗುತ್ತೆ?” ಎಂದಳು ಬ್ರಿಟಾ. ಹೆತ್ತ ಮಗಳ ಈ ವಿಶ್ವಾಸ ನೋಡಿ ಕಣ್ತುಂಬಿ ಬಂತು. ಒಪ್ಪಿದೆ. ಟ್ರಕ್ ಬರಬೇಕಾದರೆ ನಾನು ಮಾಡಬೇಕಾದದ್ದು ಇಷ್ಟೇ, ಪ್ರತಿವರ್ಷ ಮಾಡುತ್ತಾ ಬಂದದ್ದು: ಏನೂ ಇಲ್ಲ.

ಬೇಟೆಯ ಮೊದಲ ದಿನ ಹಿಮ ಬಿದ್ದಿತ್ತು. ಕಾಡಂಚಿನಲ್ಲಿ ಬೇಟೆಗಾರರು ಸೇರುವ ಮರದ ಗುಡಿಸಲಿನ ಮುಂದೆ ಟ್ರಕ್ಕುಗಳು ಸಾಲಾಗಿ ನಿಂತಿದ್ದವು. ನಡುವೆ ರಸ್‌ನ ಹೊಚ್ಚಹೊಸ ಕೆಂಪು ಟ್ರಕ್ಕು. ಅದನ್ನು ಹತ್ತಲು ಒಂದು ಮೆಟ್ಟಿಲು, ಇಳಿಯಲು ಗಟ್ಟಿ ಮನಸ್ಸು ಬೇಕು. ನನ್ನ ವ್ಯಾನ್ ಪಕ್ಕದಲ್ಲಿ ನಿಂತು ಕುಂಯ್ ಎನ್ನುತ್ತಾ ತಾನಾಗಿ ಬಾಗಿಲು ಸರಿಸಿತು. ಅಲ್ಲಿ ನಿಂತಿದ್ದ ಗಡ್ಡದ ಬೇಟೆಗಾರರೆಲ್ಲ ತಿರುಗಿ ನೋಡಿದರು.

“ಏನ್ ಗುರೂ, ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬಂದ್ಯಾ?” ಎಂದ ರಸ್.

ನಗಲಿ, ಮುಂದಿನ ವಾರ ನೋಡಿಕೊಳ್ಳೋಣ ಎಂದುಕೊಂಡೆ. ಕಿತ್ತಳೆ ಬಣ್ಣದ ಕೋಟು ತೊಟ್ಟು, ಬಂದೂಕು ಹಿಡಿದು ಒಂದು ಮರದ ಅಟ್ಟಣೆ ಏರಿದೆ. ಹಿಮದಲ್ಲಿ ದೂರ ನಡೆಯಲು ಸೋಮಾರಿತನ. ಹಾಗಾಗಿ ವ್ಯಾನಿಗೆ ತೀರ ಹತ್ತಿರದ ಮರವನ್ನೇ ಆರಿಸಿದ್ದೆ. ರಸ್ ಹಳ್ಳದ ಆಚೆಗೆ ಹೋದ. ಕಾಫಿ ಕುಡಿದೆ. ತೂಕಡಿಸಿದೆ. ಜಯ ನನ್ನ ಕಡೆಗೇ ಇತ್ತು.

ಕಣ್ಣು ಬಿಟ್ಟರೆ ಎದುರಿಗೆ ಜಿಂಕೆ!

ಅಂತಿಂಥದ್ದಲ್ಲ. ಕೊಂಬು ಎಂದರೆ ಕವಲೊಡೆದ ಕಿರೀಟ. ಕಲ್ಲೆಸೆದರೂ ತಾಗುವಷ್ಟು ಹತ್ತಿರ ನಿಂತು, ಹೊಡೀತೀಯೋ ಇಲ್ಲವೋ ಎಂಬಂತೆ ನನ್ನನ್ನೇ ನೋಡುತ್ತಿತ್ತು. ಇಷ್ಟು ವರ್ಷ ಇದರ ಬಾಲವನ್ನೂ ಕಾಣದ ನನಗೆ ಇಂದೇ ದರ್ಶನ ಕೊಡಬೇಕೇ? ಬಂದೂಕು ಎತ್ತಿದೆ. ಹೊಡೆದರೆ ಗೋಡೆಗೆ ಕೊಂಬು, ಗುಡಿಸಲಿನಲ್ಲಿ ಮರ್ಯಾದೆ. ಆದರೆ ಸಾಯುವವರೆಗೂ ವ್ಯಾನು. ಹೊಡೆಯದಿದ್ದರೆ ಟ್ರಕ್ಕು, ಎರಡು ಬೆರಳು, ಊರಿಗೆ ಊರೇ ನಮಸ್ಕಾರ. ಬಂದೂಕು ಇಳಿಸಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಜಿಂಕೆಯೋ ಹೋಗಲೊಲ್ಲದು. ಎಲ್ಲಿ ನನ್ನ ಮನಸ್ಸು ಬದಲಾಗಿಬಿಡುತ್ತದೋ ಎಂದು ಭಯವಾಯಿತು. ಇದನ್ನು ಓಡಿಸಬೇಕು. ಜೇಬಿನಲ್ಲಿ ವ್ಯಾನಿನ ಕೀಲಿ ಇತ್ತು, ಕೀಲಿಯಲ್ಲಿ ಕಳ್ಳರನ್ನು ಹೆದರಿಸುವ ಕೆಂಪು ಗುಂಡಿ. ಒತ್ತಿದೆ.

ವ್ಯಾನ್ ಕಾಡೆಲ್ಲಾ ಬೆಚ್ಚಿಬೀಳುವಂತೆ ಅರಚಿಕೊಂಡಿತು. ದೀಪಗಳು ಮಿಣಮಿಣ. ಗಾಬರಿಯಲ್ಲಿ ಪಕ್ಕದ ಗುಂಡಿಯೂ ಒತ್ತಿಹೋಗಿ ಎರಡೂ ಬಾಗಿಲುಗಳು ಸರ್ರನೆ ತೆರೆದುಕೊಂಡವು. ಜಿಂಕೆ ಗಾಳಿಯಲ್ಲಿ ಹಾರಿ ಮಾಯವಾಯಿತು. ಬೇಟೆಗೆ ಹೋಗಿ ಬೇಟೆಯನ್ನು ಅಟ್ಟಿದ ಮೊದಲ ವೀರ ನಾನೇ ಇರಬೇಕು. ಅಟ್ಟಣೆಯ ಮೇಲೆ ಒಬ್ಬನೇ ನಕ್ಕೆ.

ಢಂ!

ಹಳ್ಳದ ಆಚೆಯಿಂದ ರಸ್‌ನ ಕೇಕೆ ಕೇಳಿಸಿತು. ಹೋಗಿ ನೋಡಿದರೆ ಅದೇ ಜಿಂಕೆ, ಅದೇ ಕಿರೀಟ. “ಗುರೂ, ನೇರವಾಗಿ ನನ್ನ ಕಡೆಗೇ ಓಡಿಸಿದ್ಯಲ್ಲೋ! ಎಂಥಾ ತಲೆ ಕಣೋ ನಿಂದು!” ಎಂದು ಅಪ್ಪಿಕೊಂಡ. ಹೋಗಲಿ, ಜಿಂಕೆ ಅವನದು, ಟ್ರಕ್ಕೂ ಅವನದು, ನನಗೇನಂತೆ ಎಂದು ಸಮಾಧಾನ ಮಾಡಿಕೊಂಡೆ. ಇಬ್ಬರೂ ಸೇರಿ ಅದನ್ನು ಗುಡಿಸಲಿನವರೆಗೆ ಎಳೆದು ತಂದೆವು. ನಾನು ಟ್ರಕ್ಕಿನ ಹಿಂಬಾಗಿಲಿಗೆ ಕೈ ಹಾಕಿದೆ.

“ಏಯ್ ಏಯ್, ಮುಟ್ಬೇಡ!” ಎಂದು ಕಿರುಚಿದ ರಸ್.

“ಜಿಂಕೆ ಹಾಕೋಣ ಅಂತ...”

“ನನ್ನ ಟ್ರಕ್ಕಿಗಾ? ರಕ್ತ ಸೋರುತ್ತೆ, ಕೊಂಬು ತರಚುತ್ತೆ. ನಿನ್ನೆ ತಾನೆ ಪಾಲಿಶ್ ಮಾಡ್ಸಿದೀನಿ!”

“ಟ್ರಕ್ ಇರೋದೇ ಇದಕ್ಕಲ್ವೇನೋ?”

“ಯಾವನಯ್ಯಾ ಹೇಳಿದ್ದು? ನಿನ್ನ ವ್ಯಾನಿಗೆ ಹಾಕು. ಮಾಂಸ ಹೇಗೂ ಅಕ್ಕನ ಮನೆಗೇ ತಾನೆ ಹೋಗೋದು. ಅದ್ರಲ್ಲಾಗ್ಲೇ ಏನೋ ಸತ್ತಿರೋ ವಾಸನೆ ಬರ್ತಿದೆ!”

“ಹಿಡಿಯಲ್ಲ ಕಣೋ!” ಎಂದು ಅಂಗಲಾಚಿದೆ. ಗಡ್ಡದವರೆಲ್ಲ ಉತ್ಸಾಹದಿಂದ ಓಡಿಬಂದರು. ಒಬ್ಬ ಏನೋ ಎಳೆದ, ಹಿಂದಿನ ಸೀಟುಗಳು ನೆಲದೊಳಗೆ ಮಡಚಿಕೊಂಡು ಮಾಯ! ಇನ್ನೊಬ್ಬ ಟಾರ್ಪಾಲು ಹಾಸಿದ. ಜಿಂಕೆ ಕಾಲು ಚಾಚಿ ಆರಾಮವಾಗಿ ಮಲಗಿತು. “ಇನ್ನೊಂದಕ್ಕೂ ಜಾಗ ಇದೆ, ಸಂಜೆ ಬಂದು ಇಳಿಸ್ಕೊಳ್ತೀನಿ,” ಎಂದ ಮತ್ತೊಬ್ಬ, ತಾನು ಹೊಡೆದದ್ದನ್ನೂ ತಂದು ಹಾಕಿದ. ಆ ದರಿದ್ರ ವ್ಯಾನ್ ಎರಡನ್ನೂ ನುಂಗಿ ಕುಂಯ್ ಎಂದು ಬಾಗಿಲು ಹಾಕಿಕೊಂಡಿತು.

ಮನೆ ಮುಂದೆ ಹೈಡಿ ಕಾಯುತ್ತಿದ್ದಳು. ಬಾಗಿಲು ಸರಿಯಿತು. ಇಣುಕಿ ನೋಡಿದಳು. ಟಾರ್ಪಾಲು ದಾರಿಯಲ್ಲಿ ಜಾರಿತ್ತು. ರಕ್ತ ಬಿಸ್ಕತ್ತಿನ ಪುಡಿಯ ಜೊತೆ ಸೇರಿ ಕಾರ್ಪೆಟ್ಟಿನ ಮೇಲೆ ಹೊಸದೊಂದು ಹಿಟ್ಟು ಕಲಸಿತ್ತು. ಬ್ರಿಟಾಳ ಹೆಲ್ಮೆಟ್ಟು ಕೊಂಬಿಗೆ ಸಿಕ್ಕಿಕೊಂಡಿತ್ತು.

ಹೈಡಿ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. “ವೆಂಡೆಲ್, ಇನ್ಮೇಲೆ ನಾನು ಈ ವ್ಯಾನಲ್ಲಿ ಕೂರಲ್ಲ,” ಎಂದಳು. “ಟ್ರಕ್ ತಗೊಳ್ಳೋಣ.”

ಕಿವಿಯನ್ನು ನಂಬಲಾಗಲಿಲ್ಲ. ಸೋತೂ ಗೆದ್ದಿದ್ದೆ! ಹಿಮದಲ್ಲೇ ಕುಣಿದೆ. ಆ ವಾರವಿಡೀ ಆಫೀಸಿನ ಮೇಜಿನ ಅಂಚು ಹಿಡಿದು ಎರಡು ಬೆರಳು ಎತ್ತುವುದನ್ನು ಅಭ್ಯಾಸ ಮಾಡಿದೆ (ಹೆಚ್ಚು ಎತ್ತಿದರೆ ಅತಿಯಾಸೆ, ಕಡಿಮೆ ಎತ್ತಿದರೆ ಅಹಂಕಾರ, ಅದೊಂದು ಕಲೆ). ಶನಿವಾರ ನೀಲಿ ಟ್ರಕ್ಕು ಮನೆ ಮುಂದೆ ಬಂದು ನಿಂತಿತು. ಕೀಲಿಗಾಗಿ ಕೈ ಚಾಚಿದೆ. ಹೈಡಿ ಅದನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

“ಹೈಡಿ, ಟ್ರಕ್ಕು...”

“ಆ ಮಾತು ನಿನ್ನ ಬಾಯಿಂದ ಬರಕೂಡದು ಅಂತ ಒಪ್ಪಂದ ಆಗಿದೆ,” ಎಂದಳು. “ನಾನು ಆಡಬಾರದು ಅಂತ ಎಲ್ಲೂ ಇಲ್ಲ. ಇದು ನಂದು. ನಿಂದು ವ್ಯಾನು. ಜಿಂಕೆ ಹೊತ್ಕೊಂಡು ಬರೋಕೆ ಒಳ್ಳೆ ಗಾಡಿ.”

ಬ್ರಿಟಾ ಆಗಲೇ ಟ್ರಕ್ಕಿನ ಮುಂದಿನ ಸೀಟು ಹತ್ತಿ ಕೂತಿದ್ದಳು. ಅವಳ ಪ್ಯಾಡುಗಳು ಮಾತ್ರ ವ್ಯಾನಿನಲ್ಲೇ ಉಳಿದವು. ಹೊಸ ಗಾಡಿಗೆ ವಾಸನೆ ಹತ್ತಬಾರದಂತೆ.

ನಿನ್ನೆ ಆ ಪ್ಯಾಡುಗಳನ್ನು ವ್ಯಾನಿನಲ್ಲಿ ಹಾಕಿ ಅಂಕಣಕ್ಕೆ ಒಯ್ಯುತ್ತಿದ್ದೆ. ಎದುರಿನಿಂದ ನೀಲಿ ಟ್ರಕ್ಕು ಬಂತು. ಸ್ಟೀರಿಂಗ್ ಹಿಂದೆ ಹೈಡಿ, ನೆಟ್ಟಗೆ, ಗಂಭೀರವಾಗಿ. ಏನೇ ಇರಲಿ, ಕೈ ಹಿಡಿದ ಹೆಂಡತಿ! ಅಭ್ಯಾಸ ಮಾಡಿದ ಬೆರಳು ತಾನಾಗಿ ಎದ್ದಿತು. ಅವಳೂ ಎತ್ತಿದಳು. ಎರಡೇ ಬೆರಳು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಹುಟ್ಟಿದಾಗಿನಿಂದ ಟ್ರಕ್ ಓಡಿಸಿದವಳ ಹಾಗೆ. ನನ್ನ ಎದೆ ತುಂಬಿಬಂತು. ಕಡೆಗೂ ನನಗೊಂದು ನಮಸ್ಕಾರ!

ಆಮೇಲೆ ಕನ್ನಡಿ ನೋಡಿದೆ. ನನ್ನ ಬೆನ್ನಿಗೇ ರಸ್‌ನ ಕೆಂಪು ಟ್ರಕ್ಕು ಬರುತ್ತಿತ್ತು. ಅವನೂ ಬೆರಳು ಎತ್ತಿದ್ದ.