ಅಕ್ಕ, ಎಮ್ಮಿ ಮತ್ತು ಸಪ್ಪನ ಚಾ

ಮೊದಲು ಒಂದು ಒಗಟು ಬಿಡಿಸ್ರಿ. ಮುಂಜಾನೆ ಐದೂವರಿಗೆ ಏಳತೈತಿ, ಊರ ಹೊರಗ ಹೋಗತೈತಿ, ಎಲ್ಲಿಗೂ ಮುಟ್ಟದ ವಾಪಸ್ ಬರತೈತಿ. ಹೋಳಿಗಿ ಕಂಡ್ರ ಮಾರಿ ತಿರುವತೈತಿ, ಹಸಿ ಮೆಂತೆ ಸೊಪ್ಪು ಕಂಡ್ರ ಕೈ ಚಾಚತೈತಿ. ಮುಂದ ಒಂದು ಎಮ್ಮಿ, ಹಿಂದ ಒಂದು ಮಂಗ್ಯಾ. ಏನದು?

ಎಮ್ಮಿಕರ ಅನ್ನಬ್ಯಾಡ್ರಿ, ತಪ್ಪು. ಸನ್ಯಾಸಿ ಅನ್ನಬ್ಯಾಡ್ರಿ, ಅದೂ ತಪ್ಪು. ನಿಮ್ಮಿಂದ ಆಗಂಗಿಲ್ಲ ಬಿಡ್ರಿ. ಅದು ನಮ್ಮಕ್ಕ. ಮಂಗ್ಯಾ ನಾನು.

ನಮ್ಮ ಮನಿಯಲ್ಲಿ ಇಂಥವು ತಪ್ಪುವುದೇ ಇಲ್ಲ. ಬ್ಯಾರೆಯವರ ಮನಿಯಲ್ಲಿ ಜಡ್ಡು ಬಂದರೆ ಮಂದಿ ಅಳುತ್ತಾರೆ. ನಮ್ಮಲ್ಲಿ ಬಂದ ಜಡ್ಡೇ ಹೊಟ್ಟೆ ಹಿಡಿದುಕೊಂಡು ನಗಬೇಕು, ಅಂಥಾದ್ದು ಏನಾದರೂ ಆಗತೈತಿ. ಅದರೊಳಗೆ ಅರ್ಧ ನನ್ನ ಕೈವಾಡ. ನಾನು ಹತ್ತನೇ ಇಯತ್ತೆಯ ಪರೀಕ್ಷೆಗೆ ಎರಡು ಸಲ ಕೂತವನು. ಎರಡೂ ಸಲ ಗಣಿತ ನನ್ನ ಗುರುತು ಹಿಡಿಯಲಿಲ್ಲ. ಸಾಲಿ ಬಿಟ್ಟ ಮೇಲೆ ಎಮ್ಮಿ, ಮೊಬೈಲು, ಓಣಿಯ ಮಂದಿಗೆ ಕೀಟಲೆ, ಈ ಮೂರನ್ನೂ ತಪ್ಪದೆ ನೋಡಿಕೊಂಡು ಬಂದೇನಿ. ಅಕ್ಕ ಹಂಗಲ್ಲ. ಬಿ.ಎ. ಮುಗಿಸಿ, ಬಸವನ ಬಾಗೇವಾಡಿಗೆ ಹೋಗಿ ಬಿ.ಎಡ್. ಮಾಡಬೇಕು ಅಂತ ಕೂತಾಕಿ. ಇದನ್ನೆಲ್ಲ ಬರೆಯಲು ಆಕೆಯದೇ ಪರವಾನಗಿ ಐತಿ. "ಬರಿ. ನಾಲ್ಕು ಹುಡುಗ್ಯಾರು ಓದ್ಲಿ. ಆದ್ರ ನನ್ನ ಹೆಸರು ಬರದಿ ಅಂದ್ರ ಕೈ ಮುರೀತೇನಿ" ಅಂದಾಳ.

ಅವ್ವನ ಮರ್ಯಾದಿ

ಅಕ್ಕನಿಗೆ ನಾಲ್ಕು ತಿಂಗಳಿಂದ ಮುಟ್ಟು ಬಂದಿರಲಿಲ್ಲ. ತೂಕ ಏರಿತ್ತು. ಗದ್ದದ ಮೇಲೆ ನಾಲ್ಕು ಕೂದಲು ಬಂದಿದ್ದವು. "ನನಗಿಂತ ಎರಡು ಹೆಚ್ಚ ಅದಾವಲ್ಲಕ್ಕಾ" ಅಂದೆ. ಲಟ್ಟಣಿಗೆ ಹಾರಿ ಬಂತು.

ಅವ್ವ ಆಕೆಯನ್ನು ಸಿಂದಗಿಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಚೀಲ ಹಿಡಿಯಲು ನಾನು. ರಕ್ತ, ಸ್ಕ್ಯಾನಿಂಗ್ ಎಲ್ಲ ನೋಡಿದ ಮೇಲೆ ಡಾಕ್ಟರು ಹಾಳೆ ತೆಗೆದು, "ಹುಡುಗಿ ಮುಂಜಾನೆ ಏನು ತಿಂತಾಳ್ರಿ?" ಅಂದರು.

ಅವ್ವನಿಗೆ ಸಿಟ್ಟು ಬಂತು. ಮಗಳಿಗೆ ಹೊಟ್ಟೆಗೆ ಹಾಕುವುದಿಲ್ಲ ಅಂತ ಈಕೆ ತಿಳಿದುಕೊಂಡಾಳ ಅಂತ.

"ಏನೂ ಕಡಿಮಿ ಮಾಡಿಲ್ರಿ! ಎದ್ದ ಕೂಡಲೆ ಚಾ, ಅದರಾಗ ಅದ್ಕೊಳ್ಳಾಕ ಆರು ಟೋಸ್ಟ್!"

ಖರೇ ಅಂದರೆ ಎರಡು. ಅವ್ವ ಮರ್ಯಾದಿಗೆ ನಾಲ್ಕು ಸೇರಿಸಿದಳು.

"ಆಮ್ಯಾಲ?"

"ಚುರಮರಿ ಸೂಸ್ಲಾ, ಮಿರ್ಚಿ ಭಜಿ. ಮಧ್ಯಾಹ್ನ ತಾಟು ತುಂಬ ಅನ್ನ. ಸಂಜಿಗೆ ಮತ್ತ ಚಾ, ಖಾರಿ. ರಾತ್ರಿಗೂ ಅನ್ನಾನ. ದಿನಾ ಏನರ ಒಂದು ಸಿಹಿ ಇರಾಕಬೇಕ್ರಿ ನಮ್ಮ ಮನ್ಯಾಗ!"

"ರೊಟ್ಟಿ?"

"ರೊಟ್ಟಿ ನಾವು ತಿಂತೀವ್ರಿ. ಓದೋ ಹುಡುಗಿಗೆ ಯಾಕ್ರಿ ರೊಟ್ಟಿ?"

ಅವ್ವ ಒಂದೊಂದು ಹೇಳಿದಂತೆ ಡಾಕ್ಟರು ಬರೆದು ಬರೆದು ಅಡ್ಡಗೆರೆ ಹೊಡೆದರು. ಆಮೇಲೆ ಅಕ್ಕನಿಗೆ ಸಮಾಧಾನದಿಂದ ಹೇಳಿದರು: "ಇದಕ್ಕ ಪಿ.ಸಿ.ಓ.ಎಸ್. ಅಂತಾರವಾ. ಭಾಳ ಹುಡುಗ್ಯಾರಿಗೆ ಇರ್ತೈತಿ. ಹೆದರೂದಲ್ಲ, ಒಂದ ದಿನಕ್ಕ ಹೋಗೂದೂ ಅಲ್ಲ. ಜ್ವಾಳದ ರೊಟ್ಟಿ, ಪಲ್ಯ, ಕಾಳು, ಮಜ್ಜಿಗಿ ಜಾಸ್ತಿ ಮಾಡು. ಅನ್ನ ಒಂದು ಮುಟಗಿ ಸಾಕು. ಸಕ್ಕರಿ, ಬೆಲ್ಲ, ಬೇಕರಿ ಬಿಡು. ದಿನಾ ಮುಕ್ಕಾಲು ತಾಸು ಜೋರಾಗಿ ನಡಿ. ಕೈಕಾಲಿಗೆ ಬಲದ ಕೆಲಸ ಕೊಡು. ಮೂರು ತಿಂಗಳು ಮಾಡಿ ಬಾ, ಅವಾಗ ಗುಳಿಗಿ ಬೇಕೋ ಬ್ಯಾಡೋ ನೋಡೂಣು."

ಹೊರಗೆ ಬಂದು ಅವ್ವ ಬಸ್ ಸ್ಟ್ಯಾಂಡಿನ ತನಕ ಗೊಣಗಿದಳು: "ಸೂಜಿ ಮಾಡ್ಲಿಲ್ಲ, ಗುಳಿಗಿ ಕೊಡ್ಲಿಲ್ಲ. ನಾ ದಿನಾ ಬಡಿಯೋ ರೊಟ್ಟೀನ ಹಾಳ್ಯಾಗ ಬರದು ಕೊಟ್ಟಾಳ! ಇಷ್ಟಕ್ಕಾದ್ರ ನಾನೂ ಬೋರ್ಡ್ ಹಾಕ್ತಿದ್ದೆ."

ಆವತ್ತು ಸಂಜೆಗೇ ಮುದ್ದೇಬಿಹಾಳದಿಂದ ನಮ್ಮತ್ತಿಯ ಫೋನು. ಅತ್ತಿ ಅಂದರೆ ಅಪ್ಪನ ಅಕ್ಕ. ಆಕೆಯ ಹತ್ತಿರ ಎಲ್ಲ ಜಡ್ಡಿಗೂ ಒಂದೇ ಔಷಧ. "ಲಗ್ನಾ ಮಾಡಿ ಒಗೀರಿ, ತಾನ ಸರಿ ಹೋಗ್ತೈತಿ. ಇಂಡ್ಯಾಗ ಚಲೋ ವರ ಐತಿ."

"ನಿನಗ ಜ್ವರಾ ಬಂದ್ರ ಮನಿ ವಾಸ್ತುಶಾಂತಿ ಮಾಡ್ಸೂಣೇನತ್ತಿ?" ಅಂತ ಅಕ್ಕ ಅಂದಳು. ಅವ್ವ ಫೋನು ಕಸಿದುಕೊಂಡಳು. ಕಡೆಗೆ ಮನಿಯೊಳಗೆ ಹಿಂಗೆ ತೀರ್ಮಾನವಾಯಿತು: ಮೂರು ತಿಂಗಳು ಅಕ್ಕನ ಮಾತು. ಅಷ್ಟರೊಳಗೆ ಮುಟ್ಟು ಬಂದರೆ ಬಿ.ಎಡ್. ಬರದಿದ್ದರೆ ಇಂಡಿ.

ಸುಮ್ಮನೆ ನಡೆಯುವವರು

ಮುಂಜಾನೆ ಹುಡುಗಿ ಒಬ್ಬಳೇ ಹೋಗುವಂತಿಲ್ಲ ಅಂತ ಕಾವಲಿಗೆ ನನ್ನನ್ನು ಕಳಿಸಿದರು. ನಮ್ಮೂರು ದೇವರ ಹಿಪ್ಪರಗಿ ರಸ್ತೆಗೆ ಐತಿ. ನಮ್ಮ ಕಡೆ ಮಂದಿ ನಡೆಯುವುದಿಲ್ಲ ಅಂತಲ್ಲ. ಆದರೆ ಎಲ್ಲಿಗೋ ಹೋಗಲು ನಡೆಯುತ್ತಾರೆ. ಎಲ್ಲಿಗೂ ಹೋಗದೆ ನಡೆಯುವವರನ್ನು ಯಾರೂ ಕಂಡಿಲ್ಲ.

ಮೊದಲ ದಿನ ಒಂದು ಮೋಟಾರ್ ಸೈಕಲ್, ಎರಡು ಟಂಟಂ, ಒಂದು ಟ್ರ್ಯಾಕ್ಟರ್ ನಿಂತವು. ಟ್ರ್ಯಾಕ್ಟರಿನ ಕಾಕಾ, "ಹತ್ತವಾ, ಬಿಡ್ತೇನಿ" ಅಂದ.

"ಬ್ಯಾಡ್ರಿ ಕಾಕಾ, ಸುಮ್ನ ನಡಿಯಾಕತ್ತೇವಿ."

"ಸುಮ್ನ ಯಾರು ನಡೀತಾರ? ಮನ್ಯಾಗ ಜಗಳಾ ಆಗೇತೇನು?"

"ಇಲ್ರಿ."

"ಹಂಗಾರ ಎಲ್ಲಿಗೆ ಹೊಂಟೀರಿ?"

ನಾನು ಸುಮ್ಮನಿರಬೇಕಿತ್ತು. "ಇನ್ನಾ ತಿಳಿದಿಲ್ರಿ ಕಾಕಾ, ಕಾಲು ಒಯ್ದಲ್ಲಿ ಹೋಗ್ತೇವಿ" ಅಂದೆ. ನಾವು ಮನಿಗೆ ಬರುವಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದ, ಅವ್ವ ಅಳುತ್ತಿದ್ದಳು. ಮಕ್ಕಳಿಬ್ಬರೂ ಮನಿ ಬಿಟ್ಟು ಹೋದರು ಅಂತ ಊರಿಗೆಲ್ಲ ಸುದ್ದಿ ಮುಟ್ಟಿತ್ತು.

ಮರುದಿನ ನಾನೇ ಉಪಾಯ ಮಾಡಿ ನಮ್ಮ ಎಮ್ಮಿಯನ್ನು ಮುಂದೆ ಬಿಟ್ಟೆ. ಏನು ಮಾಯೆ! ಒಬ್ಬರೂ ನಿಲ್ಲಿಸಲಿಲ್ಲ, ಒಬ್ಬರೂ ಕೇಳಲಿಲ್ಲ. ಎಮ್ಮಿ ಮುಂದಿದ್ದರೆ ನೀವು ಎಲ್ಲಿಗೆ ಬೇಕಾದರೂ ಹೋಗಬಹುದು. ಅಕ್ಕ ಜೋರಾಗಿ ನಡೆಯಲಿ ಅಂತ ನಾನು ಎಮ್ಮಿಗೆ ಹುರುಪು ಕೊಟ್ಟೆ. ಎಮ್ಮಿ ಓಡಿತು, ಅಕ್ಕ ಓಡಿದಳು. ಹದಿನೈದು ದಿನಕ್ಕೆ ಅಕ್ಕ ಎರಡು ಕಿಲೋ ಇಳಿದಳು. ಎಮ್ಮಿ ಹಾಲು ಅರ್ಧಕ್ಕೆ ಇಳಿಸಿತು.

ಅಜ್ಜಿ ಅರ್ಧ ತಂಬಿಗೆ ಹಾಲು ಹಿಡಿದುಕೊಂಡು ಕೊಟ್ಟಿಗೆಯಲ್ಲೇ ನಿಂತು ಕೇಳಿದಳು: "ಆ ಪಿ.ಸಿ. ಏನೋ ಅಂತಾರಲಾ, ಅದು ಎಮ್ಮಿಗೂ ಬರ್ತೈತೇನೋ ತಮ್ಮಾ?"

ಬಿಟ್ಟಿ ಗಿರಣಿ

ಕೈಕಾಲಿಗೆ ಬಲದ ಕೆಲಸ ಅಂತ ಅಕ್ಕ ಮೊಬೈಲ್ ನೋಡಿಕೊಂಡು ಕೂತು ಏಳತೊಡಗಿದಳು. ಅಜ್ಜಿ ಬಿದ್ದು ಬಿದ್ದು ನಕ್ಕು, ಅಟ್ಟದ ಕೆಳಗಿನ ಬೀಸೋಕಲ್ಲು ತೋರಿಸಿದಳು. "ಒಂದು ಸೇರು ಜ್ವಾಳಾ ಬೀಸು. ಹಿಟ್ಟರ ಬರ್ತೈತಿ."

ಅಕ್ಕ ಬೀಸಿದಳು. ಅಷ್ಟಕ್ಕೆ ಬಿಟ್ಟಿದ್ದರೆ ನಾನು ನಾನಾಗುತ್ತಿದ್ದೆನೇ? ಓಣಿಯಲ್ಲಿ ಒಂದು ಸುತ್ತು ಹೊಡೆದು ಸಾರಿದೆ: "ಬೀಸೋಕಲ್ಲಿನ ಹಿಟ್ಟು! ನಮ್ಮಕ್ಕ ಬಿಟ್ಟಿ ಬೀಸಿ ಕೊಡ್ತಾಳ!" ಅರ್ಧ ತಾಸಿನಲ್ಲಿ ಏಳು ಮಂದಿ ಹೆಣ್ಣುಮಕ್ಕಳು ಬುಟ್ಟಿ ತುಂಬ ಜೋಳ ಹೊತ್ತುಕೊಂಡು ಬಂದು ಪಡಸಾಲೆಯಲ್ಲಿ ಪಾಳಿ ಹಚ್ಚಿದರು.

ಅಕ್ಕ ನನ್ನನ್ನು ಒಂದು ಸಲ ನೋಡಿ ನಕ್ಕಳು. ಆಕೆ ನಕ್ಕರೆ ನನಗೆ ಭಯ. "ಬರ್ರಿ ಚಿಗವ್ವಾ, ಕುಂದರ್ರಿ. ನನ್ನ ಪಾಳಿ ಮುಗದೈತಿ, ಇನ್ನ ಮ್ಯಾಲೆ ನನ್ನ ತಮ್ಮ ಬೀಸ್ತಾನ. ಅವಗೂ ಡಾಕ್ಟರು ಹೇಳ್ಯಾರ."

ಆ ವಾರ ಮನಿಯಲ್ಲಿ ಎಲ್ಲರಿಗಿಂತ ಹೆಚ್ಚು ತೂಕ ಇಳಿದದ್ದು ನನ್ನದು.

ಹರಕಿ

ಎರಡನೆಯ ತಿಂಗಳು ಮುದ್ದೇಬಿಹಾಳದಲ್ಲಿ ಅತ್ತಿಯ ಮಗಳ ಕುಬಸ ಬಂತು. ಬಸುರಿಗೆ ಉಡಿ ತುಂಬಿ ಊರಿಗೆಲ್ಲ ಉಣ್ಣಿಸುವ ಕಾರ್ಯ. ಪಂಕ್ತಿಯಲ್ಲಿ ಕೂತ ಕೂಡಲೆ ಅತ್ತಿ ಅಕ್ಕನ ಎಲಿಗೆ ಎರಡು ಹೋಳಿಗಿ ಹಾಕಿ, ಮೇಲೆ ತುಪ್ಪ ಸುರಿದಳು.

"ಒಲ್ಲೆ ಅತ್ತಿ, ಡಾಕ್ಟರು ಬ್ಯಾಡ ಅಂದಾರ."

"ಡಾಕ್ಟರಕಿ ನನಗಿಂತ ಹೆಚ್ಚಿನಾಕ್ಯಾ? ನನ್ನ ಮಗಳ ಕುಬಸದಾಗ ಹೋಳಿಗಿ ಒಲ್ಲೆ ಅಂತೀ?"

ಪಂಕ್ತಿಯೆಲ್ಲ ಈ ಕಡೆ ತಿರುಗಿತು. ಅಕ್ಕನ ಕಣ್ಣಲ್ಲಿ ನೀರು. ನಾನು ಬಾಯಿಯೊಳಗಿನ ಹೋಳಿಗಿ ನುಂಗಿ ಒಂದು ಗುಂಡು ಹಾರಿಸಿದೆ: "ಅತ್ತೀ, ಅಕ್ಕ ಹರಕಿ ಹೊತ್ತಾಳ. ಮೂರು ತಿಂಗಳು ಸಿಹಿ ಮುಟ್ಟಂಗಿಲ್ಲ!"

ಅತ್ತಿ ಹೋಳಿಗಿ ತೆಗೆದ ವೇಗ ನೀವು ನೋಡಬೇಕಿತ್ತು. ಎಲಿ ಬದಲಿಸಿದಳು. ತಾನೇ ಕೈಯಾರೆ ಒಣಗಿದ ಕಟಿ ರೊಟ್ಟಿ, ಮಡಿಕಿ ಕಾಳು, ಹಸಿ ಉಳ್ಳಾಗಡ್ಡಿ ತಂದು ಬಡಿಸಿದಳು. ಡಾಕ್ಟರು ಹೇಳಿದ್ದೇ ಊಟ! ಊಟವಾದ ಮೇಲೆ ಬಸುರಿಯನ್ನು ಕರೆತಂದು ಅಕ್ಕನ ಕಾಲಿಗೆ ಬೀಳಿಸಿದರು. ಇಬ್ಬರು ಮುದುಕಿಯರು ಅಲ್ಲೇ ಕೂತು ತಾವೂ ಮೂರು ತಿಂಗಳು ಸಕ್ಕರಿ ಬಿಟ್ಟರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಬಸ್ಸು ತಾಳಿಕೋಟೆ ಮುಟ್ಟುವಷ್ಟರಲ್ಲಿ ಅವ್ವನ ಫೋನು ಬಡಿಯಿತು. ಅತ್ತಿ! "ಹರಕಿ ಯಾಕ ಹೊತ್ತಾಳಂತ ನನಗ ತಿಳೀಲಿಲ್ಲಂತ ಮಾಡೀರೇನು? ಹುಡುಗಿ ಚಲೋ ಗಂಡ ಸಿಗ್ಲಿ ಅಂತ ಬಾಯಿ ಕಟ್ಟ್ಯಾಳ, ಪಾಪ. ಬರೋ ಐತವಾರ ಇಂಡಿಯವರನ್ನ ಕರಕೊಂಡು ಬರ್ತೇನಿ."

ಅಕ್ಕ ಬಸ್ಸಿನಲ್ಲೇ ನನ್ನ ಕಿವಿ ಹಿಂಡಿದಳು. ದೇವರ ಹಿಪ್ಪರಗಿ ಬರುವ ತನಕ ಬಿಡಲಿಲ್ಲ.

ಸಪ್ಪನ ಚಾ

ನಾನು ಮಾಡಿದ್ದನ್ನು ನಾನೇ ಸರಿ ಮಾಡಬೇಕಲ್ಲ! ಐತವಾರ ಇಂಡಿಯವರು ಒಂದು ಚೀಲ ನಿಂಬೆಹಣ್ಣು ಹಿಡಿದುಕೊಂಡು ಬಂದರು. ವರ, ಅವರಪ್ಪ, ಅವರವ್ವ, ಜೊತೆಗೆ ನಮ್ಮತ್ತಿ. ಅಕ್ಕ ಮುಖ ಬಿಗಿದುಕೊಂಡು ಸೀರಿ ಉಡುತ್ತಿದ್ದಳು. ಅವ್ವ ನನಗೆ, "ಚಾ ಕುದಿಯಾಕತ್ತೈತಿ, ಸಕ್ಕರಿ ಹಾಕು. ಜಾಸ್ತೀನ ಹಾಕು, ವರನ ಮಂದಿ" ಅಂದಳು. ನಾನು ಒಂದು ಹರಳೂ ಹಾಕಲಿಲ್ಲ. ನಮ್ಮ ಕಡೆ ಸಪ್ಪನ ಚಾ ಕೊಟ್ಟರೆ ಬೀಗರು ಚಪ್ಪಲಿ ಹುಡುಕತೊಡಗುತ್ತಾರೆ.

ಅಕ್ಕ ಚಾ ಕೊಟ್ಟಳು. ವರನ ಅಪ್ಪ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟ. ಬಾಗಿಲ ಮರೆಯಲ್ಲಿ ನಾನು ಕುಣಿಯುವುದೊಂದು ಬಾಕಿ.

"ಈ ಚಾ ಯಾರು ಮಾಡ್ಯಾರ?"

"ಹುಡುಗೀನ ಮಾಡ್ಯಾಳ್ರಿ" ಅಂತ ಅವ್ವ ಹೆಮ್ಮೆಯಿಂದ ಸುಳ್ಳು ಹೇಳಿದಳು.

"ನನಗ ಸಕ್ಕರಿ ಬ್ಯಾನಿ ಬಂದು ಹತ್ತು ವರ್ಷಾತ್ರೀ. ಹೋದ ಮನ್ಯಾಗೆಲ್ಲ ಪಾಕಾ ಕುಡಿಸಿ ಕೊಲ್ತಾರ. ಈಕಿ ಕೇಳದನ ತಿಳಕೊಂಡಾಳ ನೋಡ್ರಿ! ನನಗ ಇದ ಸೊಸಿ ಬೇಕು!"

ಅತ್ತಿ ಮೀಸೆ ಇಲ್ಲದಿದ್ದರೂ ಮೀಸೆ ತಿರುವಿದಂತೆ ಮಾಡಿದಳು. ಅಕ್ಕ ಬಾಗಿಲ ಕಡೆ ನೋಡಿದ ನೋಟ ಇವತ್ತಿಗೂ ನನ್ನ ಕನಸಿನಲ್ಲಿ ಬರತೈತಿ.

ಆಮೇಲೆ ಆಕೆ ಯಾರೂ ಮಾಡದ ಕೆಲಸ ಮಾಡಿದಳು. ತಟ್ಟೆ ಕೆಳಗಿಟ್ಟು, ಸೀದಾ ವರನ ಅವ್ವನ ಕಡೆ ನೋಡಿ ಅಂದಳು: "ನನಗ ಮುಟ್ಟು ಬರಾಕತ್ತಿಲ್ರಿ. ಪಿ.ಸಿ.ಓ.ಎಸ್. ಐತಿ. ಊಟಾ, ನಡಿಗಿ ಹಚ್ಚೇನಿ. ಲಗ್ನಾ ಮಾಡಿದ್ರ ಹೋಗ್ತೈತಿ ಅಂತ ನಿಮಗ ಹೇಳಿರಬೇಕು. ಅದು ಔಷಧ ಅಲ್ರಿ. ನಾ ಬಿ.ಎಡ್. ಮಾಡಾಕಿ ಅದೇನಿ."

ಅಪ್ಪ ಜಂತಿ ಎಣಿಸತೊಡಗಿದ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ವರನ ಅವ್ವ ಮೆಲ್ಲಗೆ ಜರುಗಿ ಅಕ್ಕನ ಪಕ್ಕಕ್ಕೆ ಬಂದು ಕೂತಳು.

"ನನ್ನ ಮಗಳಿಗೂ ಹಂಗ ಐತಿ ಯವ್ವಾ. ಲಗ್ನಾ ಮಾಡಿ ಎರಡು ವರ್ಷಾತು, ಏನೂ ಸರಿ ಹೋಗ್ಲಿಲ್ಲ. ನೀ ಏನೇನು ತಿಂತೀ, ಹೇಳು."

ಮುಗಿಯಿತು! ಕನ್ಯೆ ನೋಡಲು ಬಂದವರು ಸಾಲಿ ಮಕ್ಕಳಂತೆ ಸುತ್ತ ಕೂತರು. ಅಕ್ಕ ಹೇಳಿದಳು, ವರ ಬರೆದುಕೊಂಡ. "ಮಡಿಕಿ ಕಾಳು ಎಷ್ಟು ತಾಸು ನೆನೀಬೇಕ್ರಿ?" ಅಂತ ಕೇಳಿದ. ಅತ್ತಿ ಮಾತ್ರ ಬೀಸೋಕಲ್ಲಿನಂತೆ ಒಂದು ಮೂಲೆಯಲ್ಲಿ ಕೂತಿದ್ದಳು. ಎರಡು ತಾಸಾದ ಮೇಲೆ ಎಲ್ಲರೂ ಖುಷಿಯಿಂದ ಎದ್ದು ಹೊರಟರು. ಅಕ್ಕನಿಗೆ ಕೈ ಮುಗಿದರು, ಎಮ್ಮಿಯನ್ನೂ ನೋಡಿಕೊಂಡು ಹೋದರು.

ವರ ಮಾತ್ರ ಚಪ್ಪಲಿ ಹಾಕಿಕೊಳ್ಳುತ್ತ ಹಿಂದೆ ಉಳಿದು ನನ್ನ ಕಿವಿಯಲ್ಲಿ ಕೇಳಿದ: "ತಮ್ಮಾ, ನನ್ನ ಯಾರರ ನೋಡಿದ್ರೇನು?"

ಸಕ್ಕರಿ ಹಂಚಿದ್ದು

ಮೂರನೆಯ ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿದ್ದವು. ಅಕ್ಕ ಗೋಡೆಯ ಕ್ಯಾಲೆಂಡರ್ ನೋಡುವುದನ್ನೇ ಬಿಟ್ಟಿದ್ದಳು. ನಾನು ಕೀಟಲೆ ಬಿಟ್ಟಿದ್ದೆ ಅಂದರೆ ತಿಳಕೊಳ್ಳಿರಿ ಎಷ್ಟು ಕೆಟ್ಟ ಕಾಲ. ಅಂಥ ಒಂದು ಮಂಗಳವಾರ ಮುಂಜಾನೆ, ಎಮ್ಮಿಯ ಹಗ್ಗ ಬಿಚ್ಚಿ ನಿಂತೆ. ಅಕ್ಕ ಬಚ್ಚಲಿನಿಂದ ಹೊರಗೆ ಬಂದು, "ಅವ್ವಾ, ಬಂತು!" ಅಂದಳು.

ನಮ್ಮ ಕಡೆ ಹೆಣ್ಣುಮಕ್ಕಳು ಇದನ್ನು ಪಿಸುಗುಟ್ಟುತ್ತಾರೆ. ಆವತ್ತು ಅಜ್ಜಿ ಓಣಿಗೆ ಕೇಳುವಂತೆ ಕೂಗಿದಳು. ಸಕ್ಕರಿ ಡಬ್ಬಿ ಬಗಲಲ್ಲಿ ಇಟ್ಟುಕೊಂಡು ಬೀದಿಗೆ ಇಳಿದಳು. ಸಿಕ್ಕವರ ಬಾಯಿಗೆಲ್ಲ ಒಂದೊಂದು ಮುಟಗಿ! ಟ್ರ್ಯಾಕ್ಟರಿನ ಕಾಕಾ, "ಏನು ವಿಶೇಷ ಆಯಿ?" ಅಂದ. ಅಜ್ಜಿ ಅವನ ಬಾಯಿಗೂ ತುರುಕಿ, "ನನ್ನ ಮೊಮ್ಮಗಳು ಸಕ್ಕರಿ ಬಿಟ್ಟಿದ್ದು ಫಲಾ ಕೊಡ್ತೋ ಯಪ್ಪಾ, ತಿನ್ನು ಸಕ್ಕರಿ!" ಅಂದಳು. ಬೀಸಿಸಿಕೊಂಡ ಏಳೂ ಮಂದಿ ಬಂದರು. ಹಲಗಿ ಬಡಿದರು. ಎಮ್ಮಿಯ ಕೋಡಿಗೆ ರಿಬ್ಬನ್ ಕಟ್ಟಿದರು. ಅದೂ ಸಕ್ಕರಿ ತಿಂದು ಆವತ್ತೇ ಪೂರ್ತಿ ಹಾಲು ಕೊಟ್ಟಿತು.

ಇಷ್ಟು ಬರೆದು ಅಕ್ಕನಿಗೆ ಓದಿ ತೋರಿಸಿದೆ. "ಕಡೀದು ಯಾವಾಗ ಆತಲೇ?" ಅಂದಳು. ಸರಿ, ಒಪ್ಪಿಕೊಳ್ಳುತ್ತೇನೆ. ಅಕ್ಕನಿಗೆ ಮುಟ್ಟು ಬಂದದ್ದು ಖರೆ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಅತ್ತಿಗೆ ಫೋನು ಹಚ್ಚಿ, "ನಿಮ್ಮ ತಮ್ಮನ ಮಗಳು ಬಾಗೇವಾಡಿಗೆ ಓದಾಕ ಹೋಗ್ತಾಳ" ಅಂದದ್ದೂ ಖರೆ. ಡಾಕ್ಟರು, "ಬಂತಂತ ನಡಿಗಿ ಬಿಡಬ್ಯಾಡ, ಮೂರು ತಿಂಗಳಿಗೆ ಮತ್ತ ಬಾ" ಅಂದದ್ದೂ, ನಾನು ಇವತ್ತಿಗೂ ಐದೂವರಿಗೆ ಏಳುವುದೂ ಖರೆ. ಹಲಗಿ, ರಿಬ್ಬನ್, ಓಣಿಗೆ ಸಕ್ಕರಿ ಹಂಚಿದ್ದು ಮಾತ್ರ ನಾನು ಕಟ್ಟಿದ್ದು.

ಅಜ್ಜಿ ಹಂಚಬೇಕಂತ ಡಬ್ಬಿ ಕೆಳಗಿಳಿಸಿ ಮುಚ್ಚಳ ತೆಗೆದಿದ್ದಳು. ಒಳಗೆ ಸಕ್ಕರಿ ಇರಲಿಲ್ಲ. ಇಂಡಿಯವರು ಬಂದು ಹೋದ ಮೇಲೆ ಮನಿಯೊಳಗೆ ಯಾರೂ ತಂದಿರಲೇ ಇಲ್ಲ, ತಂದಿಲ್ಲ ಅಂತ ಯಾರಿಗೂ ನೆನಪಾಗಿರಲೂ ಇಲ್ಲ. ತಳದಲ್ಲಿ ಎರಡು ಇರುವೆ ಇದ್ದವು. ಅವೂ ಸೊರಗಿದ್ದವು.