ವೆಂಕಟಮಾವನ ಜೀಪಿನ ಕುಲಗೋತ್ರ

ಕಾರವಾರದ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷ ಇತಿಹಾಸ ಕಲಿಸಿದವನು ನಾನು. ಶಾತವಾಹನರಿಂದ ಬ್ರಿಟಿಷರವರೆಗೆ ಯಾರು ಎಲ್ಲಿಂದ ಬಂದರು, ಯಾಕೆ ಹೋದರು ಎಂಬುದನ್ನು ಪುಸ್ತಕ ತೆರೆಯದೆ ಹೇಳಬಲ್ಲೆ. ಅಂಥವನಿಗೆ ಒಂದು ಹಳೇ ಜೀಪು ಎಲ್ಲಿಂದ ಬಂತು ಎಂದು ಕಂಡುಹಿಡಿಯುವುದು ಯಾವ ಲೆಕ್ಕ? ಹೀಗೆಂದು ನಾನು ಭಾವಿಸಿದ್ದೆ.

ಜೀಪು ನನ್ನದಲ್ಲ. ನನ್ನ ಹೆಂಡತಿ ಸುಶೀಲೆಯ ಸೋದರಮಾವ, ಅಂಕೋಲೆ ಹತ್ತಿರದ ಬೆಳಂಬಾರದ ವೆಂಕಟಮಾವನದು. ಎಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ಅವರ ಕೇರಿಗೆಲ್ಲ ಅದೊಂದೇ ಗಾಡಿ. ತರಕಾರಿ ಅಂಕೋಲೆ ಪೇಟೆಗೆ ಹೋಗುವುದು ಅದರಲ್ಲಿ, ಜ್ವರದವರು ಡಾಕ್ಟರ ಹತ್ತಿರ ಹೋಗುವುದು ಅದರಲ್ಲಿ. ಬಸುರಿಯರೂ ಅದರಲ್ಲೇ ಹೋಗುತ್ತಿದ್ದರು; ಆ ಕೇರಿಯ ಒಬ್ಬಿಬ್ಬರು ಮಕ್ಕಳಂತೂ ಆಸ್ಪತ್ರೆಯನ್ನು ಕಾಣುವ ಮೊದಲು ಜೀಪನ್ನೇ ಕಂಡವರು!

ಏಪ್ರಿಲ್ ರಜೆಯಲ್ಲಿ ಮಾವ ಅದನ್ನು ಕಾರವಾರದ ಹಬ್ಬುವಾಡದಲ್ಲಿದ್ದ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ತಂದು ನಿಲ್ಲಿಸಿದರು.

"ಮಾಸ್ತರ್ರೇ, ಪೇಂಟರ್ ನಾಡಿದ್ದು ಬರ್ತಾನೆ. ಒಂದು ಕೈ ಬಿಳಿ ಬಣ್ಣ ಹೊಡ್ಸಿ ಇಡಿ. ಹದಿನೈದು ದಿನಕ್ಕೆ ನಮ್ಮ ಮಗಳು ಶಾಲಿನಿ ಮದ್ವೆ. ಮದುಮಗ ಅಂಕೋಲೆಯಿಂದ ಇದ್ರಲ್ಲೇ ಬರ್ಬೇಕು."

"ಅಷ್ಟೇ ತಾನೇ ಮಾವ? ನನಗೆ ಬಿಟ್ಟುಬಿಡಿ" ಎಂದೆ.

ಈ ಮಾತು ನನ್ನ ಬಾಯಿಂದ ಬಂದಾಗಲೆಲ್ಲ ಸುಶೀಲೆ ದೇವರ ಫೋಟೋ ಕಡೆ ನೋಡುತ್ತಾಳೆ. ಅವತ್ತೂ ನೋಡಿದಳು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಹವಾಲ್ದಾರರು ಬೇಲಿ ದಾಟಿ ಬಂದರು. ಸೈನ್ಯದಿಂದ ನಿವೃತ್ತರಾದವರು. ಜೀಪಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ ನೆಟ್ಟಗೆ ನಿಂತರು.

"ಮಾಸ್ತರ್ರೇ, ಇದು ಸಾದಾ ಗಾಡಿ ಅಲ್ಲ. ಎರಡನೇ ಮಹಾಯುದ್ಧದ ಗಾಡಿ! ಅಮೆರಿಕದಲ್ಲಿ ಹುಟ್ಟಿದ್ದು!"

"ಹ್ಯಾಗೆ ಹೇಳ್ತೀರಿ?"

"ವಾಸನೆ ಬರ್ತದೆ."

ನಾನೂ ಮೂಸಿ ನೋಡಿದೆ. ಬದನೆಕಾಯಿಯ ವಾಸನೆ ಬಂತು. ಆದರೂ ಮೈ ಜುಮ್ಮೆಂದಿತು. ಯುದ್ಧ ಕಂಡ ಗಾಡಿ ಹಬ್ಬುವಾಡದ ಒಬ್ಬ ಇತಿಹಾಸದ ಮಾಸ್ತರನ ಅಂಗಳಕ್ಕೆ ಬಂದು ನಿಲ್ಲುವುದೆಂದರೆ ಸಾಮಾನ್ಯವೇ? ಅದಕ್ಕೆ ಬಿಳಿ ಬಣ್ಣ ಹೊಡೆಸುವುದು ಶಿಲಾಶಾಸನಕ್ಕೆ ಸುಣ್ಣ ಬಳಿದಂತೆ! ಪೇಂಟರ್ ಬಂದಾಗ ಅವನನ್ನು ಬಾಗಿಲಿಂದಲೇ ವಾಪಸು ಕಳಿಸಿದೆ.

"ಎಂತಕ್ಕೆ ಕಳಿಸಿದ್ರಿ?" ಎಂದಳು ಸುಶೀಲೆ.

"ಮೊದಲು ಮೂಲ ಪತ್ತೆಯಾಗಬೇಕು."

"ಅದಕ್ಕೆಂತ, ಮಾವನ್ನೇ ಕೇಳಿ. ಒಂದು ಕಾರ್ಡು ಬರೆದ್ರೆ ಆಯ್ತಲ್ಲ."

"ಇತಿಹಾಸವನ್ನು ಒಡೆಯರ ಬಾಯಿಂದ ಕೇಳಬಾರದು ಸುಶೀಲಾ. ಅವರು ಪಕ್ಷಪಾತಿಗಳು. ಸಾಕ್ಷ್ಯಾಧಾರ ಬೇಕು."

ಸಂಶೋಧನಾ ಕಾರ್ಯವು ವಿಧ್ಯುಕ್ತವಾಗಿ ಆರಂಭಗೊಂಡಿತು.

ಹವಾಲ್ದಾರರು ಹೇಳಿದ ಮೊದಲ ಪರೀಕ್ಷೆ ಬಲು ಸುಲಭದ್ದು. ಜೀಪಿನ ಮುಖದ ಜಾಲರಿಯಲ್ಲಿ ಉದ್ದುದ್ದ ಸೀಳುಗಳಿರುತ್ತವೆ. ಒಂಬತ್ತು ಇದ್ದರೆ ಯುದ್ಧಕಾಲದ್ದು, ಏಳಿದ್ದರೆ ಆಮೇಲಿನದು. ನಾನು ಎಣಿಸಿದೆ. ಎಂಟು! ಹವಾಲ್ದಾರರು ಎಣಿಸಿದರು. ಎಂಟು! ಕೊನೆಗೆ ಸುಶೀಲೆಯನ್ನು ಕರೆದೆವು. ಅವಳು ಸೌಟು ಹಿಡಿದುಕೊಂಡೇ ಬಂದು, ಸೌಟಿನಿಂದಲೇ ಒಂದೊಂದಾಗಿ ಮುಟ್ಟಿ ಎಣಿಸಿ, "ಎಂಟು. ಅನ್ನ ಸೀಯ್ತದೆ" ಎಂದು ಒಳಗೆ ಹೋದಳು.

"ಎಂಟು ಸೀಳಿನ ಜೀಪು ಪ್ರಪಂಚದಲ್ಲೇ ಇಲ್ಲ" ಎಂದರು ಹವಾಲ್ದಾರರು.

"ಹಾಗಾದ್ರೆ ಇದು ಇನ್ನೂ ಅಪರೂಪದ್ದು!" ಎಂದೆ ನಾನು.

ಎರಡನೆಯ ಪರೀಕ್ಷೆ ಬೋಲ್ಟಿನದು. ಅಮೆರಿಕದ ಒಂದು ಕಂಪನಿ ತನ್ನ ಪ್ರತಿ ಬೋಲ್ಟಿನ ತಲೆಯ ಮೇಲೂ 'ಎಫ್' ಅಕ್ಷರ ಒತ್ತುತ್ತಿತ್ತಂತೆ. ಜೀಪಿನ ಅಡಿಗೆ ನುಸುಳಿ ಒಂದಿಡೀ ಬೆಳಿಗ್ಗೆ ಹುಡುಕಿದೆ. ಸಿಕ್ಕಿತು! "ಎಫ್!" ಎಂದು ಕೂಗುತ್ತ ಏಳಲು ಹೋಗಿ ಹಣೆ ಬಡಿಸಿಕೊಂಡೆ. ಬೋಲ್ಟನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತಿಕ್ಕಿದೆವು. ತುಕ್ಕು ಬಿಟ್ಟುಹೋದ ಮೇಲೆ ಕೆಳಗೆ ಇನ್ನೊಂದು ಗೆರೆ ಕಂಡಿತು. ಎಫ್ ಅಲ್ಲ, 'ಇ'!

ಮೂರನೆಯದು ಬಣ್ಣ. ಎಲ್ಲಕ್ಕಿಂತ ಕೆಳಗೆ ಸೈನ್ಯದ ಹಸಿರು ಇರಲೇಬೇಕು ಎಂದು ಹವಾಲ್ದಾರರ ವಾದ. ಕೆರೆಯತೊಡಗಿದೆ. ನೀಲಿ ಹೋಯಿತು, ಹಳದಿ ಬಂತು. ಹಳದಿ ಹೋಯಿತು, ಕೆಂಪು ಬಂತು. ಕೆಂಪು ಕೆರೆದರೆ ಮತ್ತೆ ನೀಲಿ! ಮೂರನೇ ದಿನ ಹಿಂದಿನ ಮೂಲೆಯಲ್ಲಿ ಅಂಗೈ ಅಗಲದ ಹಸಿರು ಕಂಡಿತು. ಹವಾಲ್ದಾರರು ಸೆಲ್ಯೂಟ್ ಹೊಡೆದರು. ನನ್ನ ಕಣ್ಣಲ್ಲಿ ನೀರು ಬಂತು. ಸುಶೀಲೆ ಒದ್ದೆ ಬಟ್ಟೆ ತಂದು ಒರೆಸಿದಳು. ಹಸಿರು ಬಟ್ಟೆಗೆ ಬಂತು. ಪಾಚಿ!

ಆದರೆ ಎಡಗಡೆಯ ತಗಡಿನಲ್ಲಿ ಅಕ್ಷರಗಳು ಸಿಕ್ಕವು. ಬಿಳಿ ಬಣ್ಣದ ಇಂಗ್ಲಿಷ್ ಅಕ್ಷರಗಳು: ಎನ್, ಓ, ಆಮೇಲೆ ಎಸ್.

"ನಂಬರ್ ಎಸ್!" ಹವಾಲ್ದಾರರ ದನಿ ನಡುಗಿತು. "ದಳದ ಗುರುತು! ಮುಂದೆ ಅಂಕಿ ಬರ್ತದೆ, ಕೆರೀರಿ ಮಾಸ್ತರ್ರೇ!"

ಕೆರೆದೆ. ಪಿ ಬಂತು. ಐ ಬಂತು. ಅಂಕಿ ಬರಲಿಲ್ಲ. ಇಬ್ಬರೂ ಬೆವರು ಸುರಿಸಿ ಇಡೀ ಸಾಲನ್ನು ಹೊರತೆಗೆದೆವು. 'ನೋ ಸ್ಪಿಟಿಂಗ್' ಎಂದಿತ್ತು. ಇಲ್ಲಿ ಉಗುಳಬಾರದು!

ಇಷ್ಟಾದ ಮೇಲೆ ತಜ್ಞರೊಬ್ಬರ ಅಭಿಪ್ರಾಯ ಪಡೆಯುವುದು ಸೂಕ್ತವೆನಿಸಿತು. ಬೈತಖೋಲದಲ್ಲಿ ಮೀನು ಹಿಡಿಯುವ ಟ್ರಾಲರುಗಳ ಎಂಜಿನ್ ರಿಪೇರಿ ಮಾಡುವ ಇನಾಸ ಮೇಸ್ತ್ರಿಯನ್ನು ಕರೆತಂದೆ. ಅವನು ಜೀಪು ನೋಡಿದ್ದೇ ಹಳೇ ನೆಂಟನನ್ನು ಕಂಡವನಂತೆ ನಕ್ಕ.

"ಅರೇ ದೇವಾ! ಇದು ವೆಂಕಟಣ್ಣಂದಲ್ವಾ? ಈ ಸ್ಟೇರಿಂಗ್ ನಾನೇ ಹಾಕಿದ್ದು, ಕಾರಿಂದು. ಸೀಟು ಬಸ್ಸಿಂದು. ಮುಂದಿನ ಗಾಜು ಟ್ರಾಲರಿನ ಕ್ಯಾಬಿನ್‌ದು. ಎಷ್ಟು ಚಂದ ಕೂತದೆ ನೋಡಿ!"

"ಹಾಗಾದ್ರೆ ಇದರಲ್ಲಿ ಅಸಲಿ ಯಾವುದು?" ಎಂದೆ.

ಇನಾಸ ತಲೆ ಕೆರೆದುಕೊಂಡ. "ಎಲ್ಲಾ ಅಸಲಿಯೇ ಮಾಸ್ತರ್. ಅವರವರ ಗಾಡಿದು."

ಅಲ್ಲಿಗೇ ನಿಲ್ಲಿಸಬೇಕಿತ್ತು. ಬುದ್ಧಿಯಿದ್ದವರು ನಿಲ್ಲಿಸುತ್ತಿದ್ದರು. ನಾನು ಮಾತ್ರ, ನಕಲಿಯನ್ನೆಲ್ಲ ತೆಗೆದುಹಾಕಿದರೆ ಉಳಿದದ್ದು ಅಸಲಿಯೇ ಆಗಿರಬೇಕಲ್ಲವೇ ಎಂಬ ಘನವಾದ ತರ್ಕಕ್ಕೆ ಬಂದೆ. "ಬೇಡ ಮಾಸ್ತರ್" ಎನ್ನುತ್ತಲೇ ಇನಾಸ ಹೊರಟುಹೋದ. ನಾನೂ ಹವಾಲ್ದಾರರೂ ಸ್ಪಾನರ್ ಹಿಡಿದೆವು. ಗಾಜು ತೆಗೆದೆವು. ಸೀಟು ತೆಗೆದೆವು. ಕಾರ್ಬ್ಯುರೇಟರ್ ನೋಡಿ ಹವಾಲ್ದಾರರು "ಇದೂ ಅನುಮಾನ" ಎಂದರು; ಅದನ್ನೂ ತೆಗೆದೆವು. ಅಂಗಳ ತುಂಬಿತು. ಬಟ್ಟೆ ಒಣಗಿಸಲು ಜಾಗವಿಲ್ಲವೆಂದು ಸುಶೀಲೆ ಕೂಗಾಡಿದಾಗ, ನಕಲಿ ಸಾಮಾನನ್ನೆಲ್ಲ ಬೀದಿಯಲ್ಲಿ ಬಂದ ಗುಜರಿಯವನಿಗೆ ಕೊಟ್ಟುಬಿಟ್ಟೆ. ಅಸಲಿ ಬಿಡಿಭಾಗಗಳನ್ನು ಬೆಳಗಾವಿಯಿಂದ ತರುವೆನೆಂದು ಹವಾಲ್ದಾರರು ಬಸ್ಸು ಹತ್ತಿದರು. ಎರಡು ದಿನ ಬಿಟ್ಟು ಒಂದು ಗೋಣಿಚೀಲದೊಂದಿಗೆ ಬಂದರು. ಬಿಚ್ಚಿ ನೋಡಿದರೆ ಎಲ್ಲವೂ ಅಪ್ಪಟ ಅಸಲಿ. ಮೋಟಾರ್ ಸೈಕಲ್ಲಿನವು!

ಮದುವೆಗೆ ಎರಡು ದಿನ ಉಳಿದಿತ್ತು. ವೆಂಕಟಮಾವ ಬಂದರು.

ಬೇಲಿಯ ಹತ್ತಿರವೇ ನಿಂತುಬಿಟ್ಟರು. ಜೀಪಿಗೆ ಗಾಜಿಲ್ಲ, ಸೀಟಿಲ್ಲ, ಮೈಮೇಲೆ ಮೂರು ಬಣ್ಣದ ತೇಪೆ, ಪಕ್ಕದಲ್ಲಿ ಉಗುಳಬಾರದೆಂಬ ಆಜ್ಞೆ. ಮಾವ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಯಂತಾ ಆಯ್ತು ಮಾಸ್ತರ್ರೇ ಇದ್ಕೆ?"

"ಮಾವ, ಅದು... ಇದರ ಮೂಲ ಹುಡುಕ್ತಾ ಇದ್ದೆ."

"ಮೂಲ ಎಂತಾ ಹುಡುಕೂದು? ಕಾಡಿನ ಕಂತ್ರಾಟದಾರಂದು ಒಂದು ಜೀಪು ಮರಕ್ಕೆ ಬಡ್ದು ಸತ್ತಿತ್ತು. ಗೋವೆಯಲ್ಲಿ ಒಂದು ಮಳೇಲಿ ಕೊಳೀತಾ ಬಿದ್ದಿತ್ತು. ಹುಬ್ಳಿಯಿಂದ ಒಂದು ಎಂಜಿನ್ ತಂದೆ. ಮೂರು ಸತ್ತ ಜೀಪು ಸೇರ್ಸಿ ಒಂದು ಬದ್ಕಿದ ಜೀಪು ಮಾಡ್ಸಿದೆ. ಮುಖವೂ ಹಾಗೇ, ಅರ್ಧ ಒಂದ್ರದು, ಅರ್ಧ ಇನ್ನೊಂದ್ರದು. ಬದಿ ತಗಡು ಸಾಲ್ಲಿಲ್ಲ, ಬಂದರದ ಹಳೇ ಬೋರ್ಡು ಬಡ್ದದ್ದು."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಮಾವ?"

"ನೀವ್ ಕೇಳ್ಲಿಲ್ಲ."

ಒಳಗೆ ಪಾತ್ರೆಯೊಂದನ್ನು ಜೋರಾಗಿ ಕೆಳಗಿಟ್ಟ ಸದ್ದಾಯಿತು. ಅದು ಸುಶೀಲೆಯ ಟಿಪ್ಪಣಿ.

ಗುಜರಿಯವನನ್ನು ಹುಡುಕಿಕೊಂಡು ಹೋದೆ. ಸೀಟು ಸಿಕ್ಕಿತು, ಗಾಜು ಒಡೆದಿತ್ತು, ಕಾರ್ಬ್ಯುರೇಟರ್ ಆಗಲೇ ಗೋವೆಯ ಲಾರಿ ಹತ್ತಿತ್ತು. ಇನಾಸ ಎರಡು ದಿನ ಒದ್ದಾಡಿದ. ಎಂಜಿನ್ ಕೆಮ್ಮಲೂ ಇಲ್ಲ.

ಮಾವ ಸುಶೀಲೆಯನ್ನು ಕರೆದುಕೊಂಡು ಊರಿಗೆ ಹೊರಡುವಾಗ ಒಂದೇ ಮಾತು ಹೇಳಿ ಹೋಗಿದ್ದರು: "ನಡೀಲಿ, ನಡೀದೇ ಇರ್ಲಿ, ನನ್ನ ಗಾಡಿ ನನ್ನ ಮಗಳ ಮದ್ವೆ ದಿನ ನನ್ನ ಅಂಗಳದಲ್ಲಿರ್ಬೇಕು ಮಾಸ್ತರ್ರೇ."

ಹಾಗಾಗಿ ಮದುವೆಯ ದಿನ ಬೆಳಿಗ್ಗೆ ಇನಾಸ ತನ್ನ ಗುರುತಿನವನ ಮೀನಿನ ಲಾರಿಯೊಂದಕ್ಕೆ ಜೀಪನ್ನು ಹಗ್ಗದಿಂದ ಕಟ್ಟಿ, ಸ್ಟೇರಿಂಗ್ ಹಿಡಿಯಲು ನನ್ನನ್ನು ಕೂರಿಸಿದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜರಿಯಂಚಿನ ಪಂಚೆ ಉಟ್ಟಿದ್ದೆ. ಲಾರಿ ಹೊರಟಿತು. ಬಿಣಗಾ ಘಾಟಿ ಏರತೊಡಗಿದಾಗ ಲಾರಿಯ ಹಿಂಬದಿ ಇಳಿಜಾರಾಯಿತು. ಐಸು ಕರಗಿದ ಮೀನಿನ ನೀರು ಧಾರೆಯಾಗಿ ಇಳಿದು, ಗಾಳಿಗೆ ಹಾರಿ, ಗಾಜಿಲ್ಲದ ಜೀಪಿನೊಳಗೆ ನೇರ ನನ್ನ ಮುಖಕ್ಕೆ ಅಭಿಷೇಕವಾಯಿತು. ಕೈ ಬಿಟ್ಟು ಒರೆಸುವಂತಿಲ್ಲ. ನಿಲ್ಲಿಸಿ ಎಂದು ಕೂಗಿದರೆ ಬಾಯಿಗೇ ಬೀಳುತ್ತದೆ. ಅವರ್ಸಾ ದಾಟುವಷ್ಟರಲ್ಲಿ ನಾನೂ ಬಂಗಡೆ ಮೀನೂ ಒಂದೇ ವಾಸನೆ!

ಬೆಳಂಬಾರ ತಲುಪಿದಾಗ ಮದುಮಗ ಟೆಂಪೋದಲ್ಲಿ ಬಂದಾಗಿತ್ತು. ಮಾವ ಚಪ್ಪರದಿಂದ ಓಡಿ ಬಂದರು. ನನ್ನನ್ನಲ್ಲ, ಜೀಪನ್ನು ಮಾತಾಡಿಸಲು! ಅದನ್ನು ತಳ್ಳಿಸಿ ಚಪ್ಪರದ ಬದಿಗೆ ನಿಲ್ಲಿಸಿ, ಬೋರ್ಡಿನ ಅಕ್ಷರ ಮುಚ್ಚುವಂತೆ ಹೂವಿನ ಮಾಲೆ ಹಾಕಿಸಿದರು. ಶಾಲಿನಿ ಧಾರೆ ಸೀರೆಯಲ್ಲೇ ಬಂದು ಅದನ್ನು ಮುಟ್ಟಿ ಹೋದಳು.

ನಾನು ಚಪ್ಪರದ ಕಡೆ ಹೆಜ್ಜೆ ಹಾಕಿದೆ. ಬಡಿಸುತ್ತಿದ್ದ ಹಿರಿಯರೊಬ್ಬರು ಮೂಗು ಮುಚ್ಚಿಕೊಂಡು ಅಡ್ಡ ಬಂದರು.

"ಲಾರಿಯವ್ರಾ? ಹಿತ್ಲ ಬದಿ ಹೋಗಿ ಮಾರಾಯ್ರೆ, ಅಲ್ಲಿ ಚಾ ತಿಂಡಿ ಅದೆ."

ಹಿತ್ತಲಲ್ಲಿ ಲಾರಿಯ ಡ್ರೈವರ್ ಆಗಲೇ ಬಾಳೆಲೆ ಹಾಕಿಕೊಂಡಿದ್ದ. ಪಕ್ಕದಲ್ಲಿ ಕೂತೆ; ನನ್ನ ಎಲೆಗೂ ಉಪ್ಪಿಟ್ಟು ಬಿತ್ತು. ಅಷ್ಟರಲ್ಲಿ ಸುಶೀಲೆ, ಗಂಡಿನ ಕಡೆಯ ಹೆಂಗಸೊಬ್ಬಳ ಜೊತೆ ಬಾವಿಕಟ್ಟೆಗೆ ಬಂದಳು. ನಾನು ಆಸೆಯಿಂದ ಕತ್ತೆತ್ತಿ ನೋಡಿದೆ.

"ಅಕ್ಕಾ, ಅಲ್ಲಿ ಕೂತವ್ರು ಯಾರು? ನಿಮ್ಮನ್ನೇ ನೋಡ್ತಿದ್ದಾರೆ" ಎಂದಳು ಆ ಹೆಂಗಸು.

ಸುಶೀಲೆ ನನ್ನನ್ನು ತಲೆಯಿಂದ ಕಾಲಿನವರೆಗೆ ಸಾವಕಾಶವಾಗಿ ನೋಡಿದಳು.

"ಎಲ್ಲಿಯವ್ರೋ ಗೊತ್ತಿಲ್ಲ. ಜೀಪಿನ ಜೊತೆ ಬಂದವ್ರು ಕಾಣ್ತದೆ."

ನಾನು ಇನ್ನೊಂದು ಸಲ ಉಪ್ಪಿಟ್ಟು ಹಾಕಿಸಿಕೊಂಡೆ.